ಅದು, ನಾನು, ಅವನು: ಫ್ರಾಂಕೆನ್‌ಸ್ಟೈನ್ ಪ್ರಯೋಗದ ನನ್ನ ಅನುಭವ

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ಕನ್ನಡದಲ್ಲಿ ಏಕವ್ಯಕ್ತಿ ಪ್ರಯೋಗವಾಗಿಸಲು ಹೊರಟಾಗ, ವಿಜ್ಞಾನಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಸೃಷ್ಟಿಸುವ ಆ ವಿಕಾರ ಜೀವಿಯ ಬಾಯಿಂದಲೇ ಮಗುವಿನ ಕೊಲೆಯನ್ನು ಹೇಳಿಸಿದರೆ ಜನ ಎದ್ದು ಹೋಗುತ್ತಾರೆಂದು ನಮ್ಮ ತಂಡದ ಹಿರಿಯರು ಎಚ್ಚರಿಸಿದ್ದರು. ಕಳೆದ ವರ್ಷದ ಎಂಟೊಂಬತ್ತು ಪ್ರಯೋಗಗಳಲ್ಲಿ ಒಬ್ಬರೂ ಎದ್ದು ಹೋಗಲಿಲ್ಲವಾದ್ದರಿಂದ, ಈ ದಾರಿಯನ್ನು ಹಿಡಿದದ್ದು ಹೇಗೆಂದು ಬರೆದಿಡುತ್ತಿದ್ದೇನೆ.

ಮೊದಲ ಸಲ ಹಣವೆಲ್ಲ ಮುಖಕ್ಕೇ ಹೋಯಿತು. ರಬ್ಬರಿನ ಮುಖವಾಡಕ್ಕೂ ಪ್ರಸಾಧನಕ್ಕೂ ಸುಮಾರು 22 ಸಾವಿರ ರೂಪಾಯಿ ಸುರಿದು, ಮೊದಲ ನಿಮಿಷದಲ್ಲೇ ತುಂಬು ಬೆಳಕಿನಲ್ಲಿ ರಂಗಕ್ಕೆ ಬಂದೆ. ಮಕ್ಕಳು ಕಿರುಚಿದರು, ದೊಡ್ಡವರು ನಕ್ಕರು, ಅನಂತರ ನಾನಾಡಿದ ಒಂದು ಮಾತೂ ಯಾರ ಕಿವಿಗೂ ಬೀಳಲಿಲ್ಲ. ಸಭಾಂಗಣದ ಬಾಡಿಗೆಯೂ ಸೇರಿ ಮೂವತ್ತೈದು ಸಾವಿರದಷ್ಟು ಕೈಬಿಟ್ಟುಹೋಯಿತು.

ಎರಡನೆಯ ಸಲ ವಿಕ್ಟರನ ತಮ್ಮ ವಿಲಿಯಂ ಎಂಬ ಬಾಲಕನ ಕೊಲೆಯನ್ನೇ ಕತ್ತರಿಸಿ, ಜೀವಿಯನ್ನು ನಿರಪರಾಧಿಯಾಗಿಸಿದೆ. ಪ್ರೇಕ್ಷಕರು ಅಯ್ಯೋ ಪಾಪ ಎಂದದ್ದು ನಿಜ. ಆದರೆ ಅದು ಕಾಲು ಮುರಿದ ನಾಯಿಯನ್ನು ಕಂಡಾಗ ಹುಟ್ಟುವ ಕನಿಕರವಾಗಿತ್ತೇ ಹೊರತು, ಕೇಳುಗನನ್ನು ಮನೆಯವರೆಗೂ ಹಿಂಬಾಲಿಸುವಂಥದ್ದಾಗಿರಲಿಲ್ಲ. ಹಾಗಾದರೆ ವಿಕ್ಟರ್ ಉತ್ತರದ ಹಿಮದವರೆಗೆ ಅವನನ್ನು ಅಟ್ಟಿಸಿಕೊಂಡು ಹೋಗುವುದೇಕೆಂದು ಹುಡುಗಿಯೊಬ್ಬಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಆಗ 1818ರ ಮೂರು ಸಂಪುಟಗಳ ಮೂಲ ಪಠ್ಯಕ್ಕೆ ಮರಳಿದೆ. ಉತ್ತರ ಧ್ರುವದತ್ತ ಹಡಗಿನಲ್ಲಿ ಹೊರಟ ವಾಲ್ಟನ್ನನ ಪತ್ರಗಳೊಳಗೆ ವಿಕ್ಟರನ ಕಥನ, ಅದರೊಳಗೆ, ಎರಡನೆಯ ಸಂಪುಟದಲ್ಲಿ, ಜೀವಿಯ ಸ್ವಂತ ಕಥನ. ಅಲ್ಲಿಗೆ ಬರುವಷ್ಟರಲ್ಲಿ ಬಾಲಕ ಸತ್ತಿರುತ್ತಾನೆ, ತಪ್ಪು ಮಾಡದ ಮನೆಗೆಲಸದ ಜಸ್ಟೀನಳಿಗೆ ಮರಣದಂಡನೆಯಾಗಿರುತ್ತದೆ. ಓದುಗನ ಮನಸ್ಸಿನಲ್ಲಿ ದ್ವೇಷ ಹೆಪ್ಪುಗಟ್ಟಿರುತ್ತದೆ. ಅಂಥ ಓದುಗನನ್ನೇ ಶೆಲ್ಲಿ ಹಿಮಪರ್ವತದ ಗುಡಿಸಲಿನ ಬೆಂಕಿಯ ಪಕ್ಕ ಕೂರಿಸಿ, ಜೀವಿಯ ಮಾತನ್ನು ಕೇಳಿಸುತ್ತಾಳೆ: ಬೆಂಕಿ ಸುಡುತ್ತದೆಂದು ಕಲಿತದ್ದು, ಗೋಡೆಯ ಬಿರುಕಿನಿಂದ ಇಣುಕಿ ಪಕ್ಕದ ಮನೆಯ ಡಿ ಲೇಸಿ ಕುಟುಂಬದ ಮಾತು ಕಲಿತದ್ದು, ರಾತ್ರಿ ಅವರಿಗಾಗಿ ಕಟ್ಟಿಗೆ ತಂದಿಟ್ಟದ್ದು. ಮುಖ ಹಿಂದೆ ಸರಿದು ಭಾಷೆ ಮುಂದೆ ಬರುತ್ತದೆ. 1823ರಲ್ಲಿ ಈ ಕಥೆ ಲಂಡನ್ನಿನ ರಂಗಭೂಮಿಗೆ ಬಂದಾಗಲೇ ಜೀವಿಯ ಮಾತನ್ನು ಕಿತ್ತುಕೊಂಡರು. 1931ರ ಚಲನಚಿತ್ರದಲ್ಲೂ ಅವನಿಗೆ ಮಾತಿಲ್ಲ. ಆ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ಕಣ್ಣು, ಕೈಗಳಿಂದಲೇ ಕನಿಕರ ಹುಟ್ಟಿಸಿದ ಮಹಾ ನಟ. ಆದರೂ ತನ್ನ ನ್ಯಾಯವನ್ನು ತಾನೇ ವಾದಿಸಬಲ್ಲವನ ಮೇಲೆ ಹುಟ್ಟುವ ಮರುಕ ಬೇರೆಯೇ.

ಮುಖವಾಡವನ್ನು ಅಟ್ಟಕ್ಕೆಸೆದೆ. ಮೊದಲ ಇಪ್ಪತ್ತು ನಿಮಿಷ ಕೆಂಡದಷ್ಟೇ ಬೆಳಕು, ಉಳಿದದ್ದು ದನಿ.

ನನಗೆ ಬಲ ಕೊಟ್ಟದ್ದು ಕನ್ನಡವೇ. ನಮ್ಮಲ್ಲಿ ಇನ್ನೊಬ್ಬರ ಬಗ್ಗೆ ಹೇಳುವಾಗ, ಅವರು ಮನುಷ್ಯರೋ ಅಲ್ಲವೋ ಎಂಬುದನ್ನು ತೀರ್ಮಾನಿಸದೆ ಕ್ರಿಯಾಪದ ಮುಗಿಯುವುದಿಲ್ಲ. ವಿಕ್ಟರನ ಬಾಯಲ್ಲಿ ‘ಅದು ಬಂದಿತು, ಅದು ನೋಡಿತು’ ಎಂದೇ ಉಳಿಸಿದೆ. ಮರುಗಳಿಗೆಯಲ್ಲಿ ಕತ್ತಲೊಳಗಿಂದ ‘ನಾನು’ ಎಂಬ ದನಿ ಕೇಳಿದಾಗ ಸಭೆ ನೆಟ್ಟಗಾಗಿ ಕೂರುವುದು ನನಗೆ ಪ್ರತಿಸಲವೂ ತಿಳಿಯುತ್ತದೆ. ‘ರಾಕ್ಷಸ’ ಎಂದರೆ ರಾವಣನ ಕಿರೀಟ ಕಣ್ಣೆದುರು ನಿಲ್ಲುತ್ತದೆ, ‘ಭೂತ’ ಎಂದರೆ ಕರಾವಳಿಯವರಿಗೆ ಅದು ಕೈಮುಗಿಯುವ ದೈವ. ಹಾಗಾಗಿ ಎರಡನ್ನೂ ಬಿಟ್ಟೆ. ಇನ್ನು ಕುರುಡು ಮುದುಕ ಡಿ ಲೇಸಿ: ಕಾಣದ ಅತಿಥಿಗೆ ಆತ ‘ಒಳಗೆ ಬನ್ನಿ, ಕುಳಿತುಕೊಳ್ಳಿ’ ಎನ್ನುತ್ತಾನೆ. ನನ್ನ ಪಠ್ಯದಲ್ಲಿ ಜೀವಿಗೆ ಗೌರವದ ಬಹುವಚನ ದೊರೆಯುವುದು ಅಲ್ಲಿ ಮಾತ್ರ. ಮಗ ಫೀಲಿಕ್ಸ್ ಬಂದು ಕೋಲಿನಿಂದ ಹೊಡೆಯುವ ಮೊದಲೇ ಜನರ ಕಣ್ಣು ಒದ್ದೆಯಾಗುತ್ತದೆ. ಇಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ಫಲವನ್ನು ಬೇರಾರೂ ಪಡೆದದ್ದನ್ನು ನಾನು ಕಂಡಿಲ್ಲ.

ಅನಂತರವೇ ಕೊಲೆ. ಯಾವುದನ್ನೂ ಮೆದುವಾಗಿಸಲಿಲ್ಲ. ಬಾಲಕ ಸತ್ತಾಗ ಜೀವಿ ಹರ್ಷದಿಂದ ಚಪ್ಪಾಳೆ ತಟ್ಟುವುದನ್ನೂ, ಜಸ್ಟೀನಳ ಉಡುಪಿನಲ್ಲಿ ಬಾಲಕನ ಕೊರಳಲ್ಲಿದ್ದ ಪುಟ್ಟ ಚಿತ್ರವನ್ನಿಟ್ಟು ಅಪರಾಧವನ್ನು ಅವಳ ತಲೆಗೆ ಕಟ್ಟುವುದನ್ನೂ ಇದ್ದ ಹಾಗೆಯೇ ಉಳಿಸಿದೆ. ಕೇಳುಗ ಅಷ್ಟರಲ್ಲಿ ಅವನ ಪಕ್ಕದಲ್ಲಿ ಕುಳಿತುಬಿಟ್ಟಿರುತ್ತಾನೆ, ಎದ್ದುಬರಲು ಆಗುವುದಿಲ್ಲ. ಆ ಸಂಕಟವೇ ನಾನು ಹುಡುಕುತ್ತಿದ್ದ ಸಹಾನುಭೂತಿ. ಕೋಲಿನೇಟಿಗೂ ಆ ಚಪ್ಪಾಳೆಗೂ ನಡುವೆ ದನಿಯನ್ನು ಹೇಗೆ ಬದಲಿಸುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಮುಂದಿನ ಪ್ರಯೋಗಗಳು ಅದರ ಮೇಲೆ ನಿಂತಿವೆ.

ಇದೇ ಕ್ರಮವನ್ನು 1897ರ ‘ಡ್ರಾಕುಲಾ’ ಮೇಲೂ ನಾಲ್ಕು ತಿಂಗಳು ತಾಲೀಮು ಮಾಡಿ ನೋಡಿದೆ, ಆಗಲಿಲ್ಲ. ಆ ಕಾದಂಬರಿ ಇತರರ ದಿನಚರಿ, ಪತ್ರಗಳಲ್ಲಿ ನಡೆಯುತ್ತದೆ. ರಕ್ತ ಹೀರುವ ಕೌಂಟ್ ಡ್ರಾಕುಲಾನಿಗೆ ತನ್ನದೇ ಆದ ದಿನಚರಿಯಿಲ್ಲ. ಅವನಿಗಾಗಿ ಮರುಗುವುದು ಅವನಿಂದಲೇ ನೊಂದ ಮೀನಾ. ಆ ಪ್ರಯೋಗ ನಡೆಯಬೇಕಾದರೆ ಅವಳ ದನಿಯಲ್ಲೇ ನಡೆಯಬೇಕು, ಅದು ನನ್ನ ದನಿಯಲ್ಲ.

ಈಗ ಒಂದು ಪ್ರಯೋಗಕ್ಕೆ ನಾಲ್ಕು ಸಾವಿರದೊಳಗೆ ಖರ್ಚಾಗುತ್ತದೆ. ನೂರು ರೂಪಾಯಿ ಟಿಕೆಟ್ಟಿಗೆ ಎಪ್ಪತ್ತು ಎಂಬತ್ತು ಜನ ಬರುತ್ತಾರೆ, ಹಳೆಯ ಸಾಲ ಹೆಚ್ಚುಕಡಿಮೆ ತೀರಿದೆ. ಇನ್ನೂ ತೀರದಿರುವುದು ಕೊನೆಯ ವಾಕ್ಯ. ಅಲೆಗಳು ಹೊತ್ತೊಯ್ಯುವ ಜೀವಿಯನ್ನು ನೋಡುತ್ತ ನಿಂತ ವಾಲ್ಟನ್ ‘ಅದನ್ನು’ ಎನ್ನಬೇಕೋ ‘ಅವನನ್ನು’ ಎನ್ನಬೇಕೋ ಎಂದು ಆರು ಪ್ರಯೋಗಗಳವರೆಗೆ ಬದಲಿಸುತ್ತಲೇ ಇದ್ದೆ. ಸದ್ಯಕ್ಕೆ ಎರಡನ್ನೂ ಬಿಟ್ಟು, ‘ಅಲೆಗಳು ಹೊತ್ತೊಯ್ದವು’ ಎಂದಷ್ಟೇ ಹೇಳಿ ಕೆಂಡದ ಮೇಲೆ ಬೂದಿ ಮುಚ್ಚುತ್ತೇನೆ.