ಮಗಳ ಬಾಣಂತನಕ್ಕೆ ಅಮೆರಿಕ: ಅಪ್ಪ-ಅಮ್ಮ ವೀಸಾ ಅರ್ಜಿ ಹಾಕುವುದು ಹೇಗೆ?

ಮಗಳೋ ಸೊಸೆಯೋ ಬಸುರಿ ಎಂಬ ಸುದ್ದಿ ಡಲ್ಲಾಸ್‌ನಿಂದ, ಸಿಯಾಟಲ್‌ನಿಂದ ಬಂದ ಕೂಡಲೇ ಅಮ್ಮಂದಿರ ತಲೆಯಲ್ಲಿ ಅಂಟಿನುಂಡೆ, ಮೆಣಸಿನಪುಡಿ, ಮಗುವಿನ ಕುಲಾವಿಯ ಲೆಕ್ಕ ಶುರುವಾಗುತ್ತದೆ. ಅದೆಲ್ಲ ಆಮೇಲೆ. ಮೊದಲು ಬೀರುವಿನಿಂದ ಪಾಸ್‌ಪೋರ್ಟ್ ಹೊರಗೆ ತೆಗೆಯಿರಿ. ಅಮೆರಿಕದ ಪ್ರವಾಸಿ ವೀಸಾಕ್ಕೆ ಸಂದರ್ಶನದ ದಿನಾಂಕ ಸಿಗಲು ಒಮ್ಮೊಮ್ಮೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಹೆರಿಗೆಯ ದಿನ ನಮಗಾಗಿ ಕಾಯುವುದಿಲ್ಲ. ತುರ್ತು ಸಂದರ್ಶನದ ಸೌಲಭ್ಯ ಇದೆ, ನಿಜ. ಆದರೆ ಅದು ಹತ್ತಿರದವರ ಸಾವು, ಗಂಭೀರ ಕಾಯಿಲೆಯಂಥ ಸಂದರ್ಭಕ್ಕೆ. ಬಸುರಿಗೆ ನೆರವಾಗಲು ಹೋಗುವುದು ತುರ್ತು ಎಂದು ಅವರು ಒಪ್ಪುವುದಿಲ್ಲ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಈ ವೀಸಾ ಸಿಗುವುದು ಮಗ ಕಳಿಸುವ ದಪ್ಪ ಫೈಲಿನಿಂದಲ್ಲ. ಅವನ ಸಂಬಳದ ಚೀಟಿ, ಮನೆಯ ಪತ್ರ, ಆಹ್ವಾನ ಪತ್ರ ಎಲ್ಲ ಜೋಡಿಸಲು ಮನೆಮಂದಿ ವಾರಗಟ್ಟಲೆ ಒದ್ದಾಡುತ್ತಾರೆ. ಪ್ರವಾಸಿ ವೀಸಾಕ್ಕೆ ಆಹ್ವಾನ ಪತ್ರ ಬೇಕಾಗಿಲ್ಲ ಎಂದು ಅಮೆರಿಕದ ವಿದೇಶಾಂಗ ಇಲಾಖೆಯೇ ಹೇಳುತ್ತದೆ. ಅವರು ನೋಡುವುದು ನಿಮ್ಮನ್ನು. ಇಲ್ಲಿ ನಿಮಗೆ ಏನಿದೆ, ಯಾಕೆ ಹೋಗುತ್ತೀರಿ, ವಾಪಸ್ ಬರುತ್ತೀರಾ? ಅದಕ್ಕೆ ಉತ್ತರ ಇರುವುದು ನೀವು ತುಂಬುವ ಅರ್ಜಿಯಲ್ಲಿ, ನೀವು ಆಡುವ ನಾಲ್ಕು ಮಾತಿನಲ್ಲಿ.

ಹೆಸರಿನಿಂದಲೇ ಶುರು

ಪಾಸ್‌ಪೋರ್ಟಿನ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಮೊದಲು ನವೀಕರಿಸಿಕೊಳ್ಳಿ. ಆಮೇಲೆ ಹೆಸರಿನ ಸಾಲು ನೋಡಿ. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಂಡೇ ಬದುಕು ಕಳೆದವರು ಜಾಸ್ತಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದು, ಗಿವನ್ ನೇಮ್ ಜಾಗದಲ್ಲಿ ಬರೀ 'ಸಾವಿತ್ರಮ್ಮ' ಎಂದಿದೆ ಅಂತಿಟ್ಟುಕೊಳ್ಳಿ. ಆಗ ವೀಸಾ ಅರ್ಜಿಯ ಸರ್‌ನೇಮ್ ಜಾಗದಲ್ಲಿ ಸಾವಿತ್ರಮ್ಮ ಎಂದು ಹಾಕಬೇಕು. ಗಿವನ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' ಎಂಬ ಮೂರು ಅಕ್ಷರ ಬರೆಯಬೇಕು. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಗುರುತು ಅದು. ವೀಸಾದ ಮೇಲೂ ಹಾಗೇ ಅಚ್ಚಾಗಿ ಬರುತ್ತದೆ, ಗಾಬರಿ ಬೇಡ. ಆಧಾರ್‌ನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ ಇದ್ದರೂ, ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಅಕ್ಷರಕ್ಕಕ್ಷರ ಇರಬೇಕು.

ಡಿಎಸ್-160: ಕೂತು ತುಂಬಿ, ಜೊತೆಗೇ ತುಂಬಿ

ಅರ್ಜಿಯ ಹೆಸರು ಡಿಎಸ್-160. ತುಂಬುವುದು ಪೂರ್ತಿ ಆನ್‌ಲೈನ್‌ನಲ್ಲಿ, ಅಮೆರಿಕ ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ. ವಿಳಾಸದಲ್ಲಿ 'ಡಾಟ್ ಗವ್' ಇದೆಯೇ ಎಂದು ನೋಡಿಕೊಳ್ಳಿ, ಅದೇ ಥರ ಕಾಣುವ ಖಾಸಗಿ ತಾಣಗಳು ಬೇಕಾದಷ್ಟಿವೆ. ಅರ್ಜಿ ತುಂಬುವುದಕ್ಕೆ ಹಣವಿಲ್ಲ. ಗಂಡ ಹೆಂಡತಿಗೆ ಒಂದೇ ಅರ್ಜಿ ಸಾಲದು, ಒಬ್ಬೊಬ್ಬರಿಗೂ ಬೇರೆ ಬೇರೆ.

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಅಲ್ಲಿ ರಾತ್ರಿ ಮಗ ತಾನೇ ಕೂತು ಎಲ್ಲ ತುಂಬಿ ಕಳಿಸಿಬಿಡುತ್ತಾನೆ. ಅರ್ಜಿಯಲ್ಲಿ ಏನಿದೆ ಎಂದು ಅಪ್ಪ-ಅಮ್ಮನಿಗೇ ಗೊತ್ತಿರುವುದಿಲ್ಲ. ಸಂದರ್ಶನದಲ್ಲಿ ಅಪ್ಪ 'ಮೂರು ತಿಂಗಳು' ಅನ್ನುತ್ತಾರೆ, ಅರ್ಜಿ 'ಆರು ತಿಂಗಳು' ಅನ್ನುತ್ತದೆ. ಇಷ್ಟೇ ಸಾಕು ಕೆಡಲು. ದಯವಿಟ್ಟು ವಿಡಿಯೊ ಕಾಲ್ ಹಾಕಿಕೊಂಡು ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳಿ, ಅವರ ಬಾಯಿಂದಲೇ ಉತ್ತರ ತೆಗೆದುಕೊಂಡು ತುಂಬಿ. ತುಂಬಲು ಯಾರಾದರೂ ನೆರವಾದರೇ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಅಲ್ಲಿ ಮಗನದೋ ಮಗಳದೋ ಹೆಸರು ಹಾಕಿ, ಮುಚ್ಚಿಡುವಂಥದ್ದು ಏನೂ ಇಲ್ಲ.

ಶುರು ಮಾಡಿದ ಕೂಡಲೇ ಒಂದು ಅರ್ಜಿ ಸಂಖ್ಯೆ ತೋರಿಸುತ್ತದೆ. ಅದನ್ನೂ, ಭದ್ರತಾ ಪ್ರಶ್ನೆಗೆ ಕೊಟ್ಟ ಉತ್ತರವನ್ನೂ ಕಾಗದದ ಮೇಲೆ ಬರೆದಿಡಿ. ಇಪ್ಪತ್ತು ನಿಮಿಷ ಸುಮ್ನೆ ಬಿಟ್ಟರೆ ತಾಣ ನಿಮ್ಮನ್ನು ಹೊರಗೆ ಹಾಕುತ್ತದೆ. ಪುಟಪುಟಕ್ಕೂ ಸೇವ್ ಮಾಡುತ್ತಾ ಹೋಗಿ. ಅರ್ಧ ತುಂಬಿದ ಅರ್ಜಿ 30 ದಿನ ಉಳಿದಿರುತ್ತದೆ.

ಉತ್ತರಗಳೆಲ್ಲ ಇಂಗ್ಲಿಷಿನಲ್ಲಿ. ಒಂದೇ ಒಂದು ಜಾಗ ಬಿಟ್ಟು: ನಿಮ್ಮ ಹೆಸರನ್ನು ನಿಮ್ಮ ಲಿಪಿಯಲ್ಲಿ ಬರೆಯಿರಿ ಎಂದು ಕೇಳುವಲ್ಲಿ ಕನ್ನಡದಲ್ಲೇ ಟೈಪ್ ಮಾಡಬಹುದು.

ನಮ್ಮವರು ತಡವರಿಸುವ ಪ್ರಶ್ನೆಗಳು ಕೆಲವಿವೆ. ನಿಮ್ಮ ತಂದೆ-ತಾಯಿಯ ಹುಟ್ಟಿದ ದಿನ ಕೇಳುತ್ತಾರೆ. ಅರವತ್ತು-ಎಪ್ಪತ್ತು ದಾಟಿದವರ ಅಪ್ಪ ಅಮ್ಮ ಹುಟ್ಟಿದ ದಿನವನ್ನು ಯಾರು ಬರೆದಿಟ್ಟಿರುತ್ತಾರೆ, ಅಲ್ವಾ? 'ಗೊತ್ತಿಲ್ಲ' ಎಂಬ ಚೌಕ ಅಲ್ಲೇ ಇದೆ, ಅದನ್ನು ಒತ್ತಿ. ಅಂದಾಜಿಗೆ ಒಂದು ತಾರೀಖು ಹುಟ್ಟಿಸಬೇಡಿ. ಕುಲ ಅಥವಾ ಬುಡಕಟ್ಟಿಗೆ ಸೇರಿದವರೇ ಎಂಬ ಪ್ರಶ್ನೆ ಬರುತ್ತದೆ. ಅದು ಜಾತಿ ಕೇಳುವ ಪ್ರಶ್ನೆ ಅಲ್ಲ. ಬುಡಕಟ್ಟು ಸಮುದಾಯದವರಲ್ಲದಿದ್ದರೆ 'ಇಲ್ಲ' ಎಂದರಾಯಿತು. ಕಳೆದ ಐದು ವರ್ಷದಲ್ಲಿ ಬಳಸಿದ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಖಾತೆಗಳ ಹೆಸರೂ ಬೇಕು. ಅಮ್ಮನ ಫೋನಿನಲ್ಲಿ ಮೊಮ್ಮಕ್ಕಳು ಮಾಡಿಕೊಟ್ಟ ಖಾತೆ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಕೆಲಸದ ಪುಟದಲ್ಲಿ ಜಾಸ್ತಿ ಹೊತ್ತು ಕೂರಿ. ನಿವೃತ್ತರು 'ರಿಟೈರ್ಡ್', ಮನೆ ನೋಡಿಕೊಳ್ಳುವವರು 'ಹೋಮ್‌ಮೇಕರ್' ಎಂದು ಆರಿಸಬಹುದು. ರೈತರು ಮಾತ್ರ ಇಲ್ಲಿ ತಮ್ಮನ್ನು ತಾವೇ ಸಣ್ಣದು ಮಾಡಿಕೊಳ್ಳುತ್ತಾರೆ. 'ಏನೋ ಸ್ವಲ್ಪ ತೋಟ ಇದೆ' ಎಂದು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ. ಉದ್ಯೋಗದ ಪಟ್ಟಿಯಲ್ಲಿ 'ಅಗ್ರಿಕಲ್ಚರ್' ಇದೆ. ತಿಂಗಳ ಆದಾಯ ಕೇಳಿದರೆ ವರ್ಷದ ಅಡಿಕೆ, ಕಾಫಿ, ಭತ್ತದ ಹಣವನ್ನು ಹನ್ನೆರಡರಿಂದ ಭಾಗಿಸಿ ಬರೆಯಿರಿ. ಕೆಲಸದ ವಿವರ ಕೇಳುವ ಜಾಗದಲ್ಲಿ ಎಷ್ಟು ಎಕರೆ, ಏನು ಬೆಳೆ, ಎಷ್ಟು ವರ್ಷದಿಂದ, ಕೊಯ್ಲು ಯಾವಾಗ ಎಂದು ಬಿಡಿಸಿ ಹೇಳಿ. ಕೊಯ್ಲಿನ ಹೊತ್ತಿಗೆ ಊರಿನಲ್ಲಿ ಇರಲೇಬೇಕಾದ ಮನುಷ್ಯ ವಾಪಸ್ ಬರುತ್ತಾನೆ ಎಂದು ಯಾರಿಗಾದರೂ ಅರ್ಥವಾಗುತ್ತದೆ.

ಮಕ್ಕಳ ವಿಷಯದಲ್ಲಿ ಏನನ್ನೂ ಮುಚ್ಚಿಡಬಾರದು. ಅಮೆರಿಕದಲ್ಲಿ ಹತ್ತಿರದ ಸಂಬಂಧಿಕರು ಯಾರಿದ್ದಾರೆ ಎಂದು ಕೇಳಿದರೆ ಅಲ್ಲಿರುವ ಎಲ್ಲ ಮಕ್ಕಳು, ಒಡಹುಟ್ಟಿದವರು ಬರಬೇಕು. ಮಗ ಅಲ್ಲಿನ ಪೌರನಾಗಿ ನಿಮಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಿದ್ದರೆ ಅದನ್ನು ಕೇಳುವ ಪ್ರಶ್ನೆಗೆ 'ಹೌದು' ಎನ್ನಬೇಕು. ಹಿಂದೆ ವೀಸಾ ತಿರಸ್ಕಾರ ಆಗಿದ್ದರೆ ಅದನ್ನೂ ಹೇಳಬೇಕು. ತಿರಸ್ಕಾರವಾದವರು ಮತ್ತೆ ಅರ್ಜಿ ಹಾಕಬಹುದು. ಆದರೆ ಮುಖ್ಯ ವಿಷಯದಲ್ಲಿ ಬೇಕೆಂದೇ ಸುಳ್ಳು ಹೇಳಿದರೆ ಅಲ್ಲಿನ ಕಾನೂನಿನ ಪ್ರಕಾರ ಶಾಶ್ವತವಾಗಿ ಅನರ್ಹರಾಗಬಹುದು. 'ಇದನ್ನು ಹಾಕಬೇಡಿ, ರಿಜೆಕ್ಟ್ ಆಗುತ್ತೆ' ಎಂದು ಏಜೆಂಟ್ ಹೇಳಿದರೆ ಅವನಿಂದ ದೂರ ಇರಿ. ಅರ್ಜಿಗೆ ಹೊಣೆ ಅವನಲ್ಲ, ನೀವು.

ಫೋಟೊ ಎರಡು ಇಂಚು ಅಗಲ, ಎರಡು ಇಂಚು ಉದ್ದ. ಹಿನ್ನೆಲೆ ಬಿಳಿ, ಆರು ತಿಂಗಳೊಳಗೆ ತೆಗೆದದ್ದು, ಕನ್ನಡಕ ಇರಬಾರದು. ಸ್ಟುಡಿಯೊದಲ್ಲಿ 'ಅಮೆರಿಕ ವೀಸಾ' ಎಂದರೆ ಸಾಕು, ಮುದ್ರಿಸಿದ್ದರ ಜೊತೆಗೆ ಫೈಲನ್ನೂ ಕೇಳಿ ತೆಗೆದುಕೊಳ್ಳಿ. ಎಲ್ಲ ಮುಗಿಸಿ ಸಲ್ಲಿಸಿದ ಮೇಲೆ ಬಾರ್‌ಕೋಡ್ ಇರುವ ದೃಢೀಕರಣ ಪುಟ ಬರುತ್ತದೆ. ಅದರ ಮುದ್ರಿತ ಪ್ರತಿ ಬೇಕೇ ಬೇಕು.

ಹಣ, ದಿನಾಂಕ

ಈ ವೀಸಾದ ಹೆಸರು ಬಿ1/ಬಿ2. ಅರ್ಜಿ ಶುಲ್ಕ ತಲಾ 185 ಡಾಲರ್, ರೂಪಾಯಿಯಲ್ಲಿ ಕಟ್ಟಬೇಕು. ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ. ವೀಸಾ ಮಂಜೂರಾದವರ ಮೇಲೆ ಇನ್ನೂ 250 ಡಾಲರ್ ಹಾಕುವ ಕಾನೂನನ್ನು 2025ರಲ್ಲಿ ಅಲ್ಲಿನ ಸಂಸತ್ತು ಮಾಡಿದೆ. ಆದ್ದರಿಂದ ನೀವು ಅರ್ಜಿ ಹಾಕುವ ದಿನ ರಾಯಭಾರ ಕಚೇರಿಯ ತಾಣದಲ್ಲಿ ಒಟ್ಟು ಎಷ್ಟು ಎಂದು ನೋಡಿಕೊಂಡೇ ಹಣ ಹೊಂದಿಸಿ. ದಿನಾಂಕ ಕಾದಿರಿಸುವ ತಾಣ ಬೇರೆ. ಅದಕ್ಕೂ ರಾಯಭಾರ ಕಚೇರಿಯ ತಾಣದಲ್ಲಿರುವ ಕೊಂಡಿಯಿಂದಲೇ ಹೋಗಿ.

ಎರಡು ದಿನಾಂಕ ಬೇಕು. ಒಂದು, ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೊ. ಇನ್ನೊಂದು, ಕಾನ್ಸುಲೇಟ್‌ನಲ್ಲಿ ಸಂದರ್ಶನ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ಆಗ ವೀಸಾ ಕೆಲಸ ಅಲ್ಲಿ ಶುರುವಾಗಲಿಲ್ಲ. ಕರ್ನಾಟಕದವರು ಹೆಚ್ಚಾಗಿ ಹೋಗುವುದು ಚೆನ್ನೈಗೆ, ಇಲ್ಲವೇ ಹೈದರಾಬಾದ್‌ಗೆ. ದಂಪತಿ ಒಂದೇ ಗುಂಪಾಗಿ ಕಾದಿರಿಸಿದರೆ ಒಟ್ಟಿಗೆ ಹೋಗಬಹುದು. 2025ರ ಜನವರಿಯಿಂದ ದಿನಾಂಕವನ್ನು ಒಂದು ಸಲ ಮಾತ್ರ ಹೆಚ್ಚುವರಿ ಹಣವಿಲ್ಲದೆ ಬದಲಿಸಬಹುದು, ಆಮೇಲೆ ಶುಲ್ಕ ಮತ್ತೆ ಕಟ್ಟಬೇಕು. ಯೋಚನೆ ಮಾಡಿ ಒತ್ತಿ. ಕಾದಿರಿಸುವಾಗ ಕೊಟ್ಟ ಡಿಎಸ್-160 ಸಂಖ್ಯೆಯೇ ಕೈಯಲ್ಲಿರುವ ಪುಟದಲ್ಲೂ ಇರಬೇಕು. ನಡುವೆ ಹೊಸ ಅರ್ಜಿ ತುಂಬಿದ್ದರೆ ಎರಡನ್ನೂ ಹೋಲಿಸಿ ನೋಡಿ. ವೀಸಾ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ತೆಗೆಯಬೇಡಿ.

ಕಿಟಕಿಯ ಮುಂದೆ

ಚೆನ್ನೈ ಕಾನ್ಸುಲೇಟ್ ಇರುವುದು ಅಣ್ಣಾ ಸಾಲೈನ ಜೆಮಿನಿ ಸರ್ಕಲ್‌ನಲ್ಲಿ. ಫೋನ್ ಒಳಗೆ ಬಿಡುವುದಿಲ್ಲ. ಮಗಳ ಫೋನ್ ನಂಬರ್, ವಿಳಾಸ ಫೋನಿನಲ್ಲಷ್ಟೇ ಇದ್ದರೆ ಕಷ್ಟ, ಚೀಟಿಯಲ್ಲಿ ಬರೆದುಕೊಳ್ಳಿ. ಸಾಲು ಉದ್ದ ಇರುತ್ತದೆ, ಬೆಳಗ್ಗೆ ತಿಂಡಿ ತಿಂದೇ ಹೋಗಿ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಸಂದರ್ಶನ ಅಂದರೆ ಕುರ್ಚಿ ಹಾಕಿ ಕೂರಿಸುವುದಲ್ಲ. ಗಾಜಿನ ಕಿಟಕಿಯ ಆಚೆ ಅಧಿಕಾರಿ, ಈಚೆ ನೀವು ನಿಂತಿರುತ್ತೀರಿ. ಹೆಚ್ಚಿನವು ಕೆಲವೇ ನಿಮಿಷದಲ್ಲಿ ಮುಗಿಯುತ್ತವೆ. ಇಂಗ್ಲಿಷ್ ಸರಾಗ ಬರದಿದ್ದರೆ ಮೊದಲೇ ಹೇಳಿ, ನಿಮ್ಮ ಭಾಷೆಯಲ್ಲಿ ಮಾತಾಡಲು ನೆರವು ಕೇಳಿ. ಅರೆಬರೆ ಇಂಗ್ಲಿಷಿನಲ್ಲಿ ತಪ್ಪು ಅರ್ಥ ಬರುವುದಕ್ಕಿಂತ ನಮ್ಮ ಭಾಷೆಯಲ್ಲಿ ನೇರವಾಗಿ ಹೇಳುವುದು ಎಷ್ಟೋ ಮೇಲು.

ಪ್ರಶ್ನೆಗಳು ಹೀಗಿರುತ್ತವೆ: ಯಾರನ್ನು ನೋಡಲು ಹೋಗುತ್ತೀರಿ? ಮಗಳು ಏನು ಮಾಡುತ್ತಾಳೆ, ಯಾವ ಊರು? ಎಷ್ಟು ದಿನ ಇರುತ್ತೀರಿ? ಖರ್ಚು ಯಾರದು? ನೀವು ಇಲ್ಲಿ ಏನು ಮಾಡುತ್ತೀರಿ? ಇಲ್ಲಿ ಬೇರೆ ಮಕ್ಕಳಿದ್ದಾರಾ? ಕೇಳಿದ್ದಕ್ಕೆ ಮಾತ್ರ ಉತ್ತರ ಸಾಕು. ಕಾಗದ ಕೇಳಿದರೆ ಕೊಡಿ. ಪಿಂಚಣಿ ಪುಸ್ತಕ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ, ಆದರೆ ಅದನ್ನು ನೋಡದೆಯೇ ಕಳಿಸಿದರೆ ಬೇಸರ ಬೇಡ.

'ಬಾಣಂತನಕ್ಕೆ ಹೋಗುತ್ತೇವೆ ಅಂತ ಹೇಳಬಹುದಾ?' ಎಂದು ಎಲ್ಲರೂ ಕೇಳುತ್ತಾರೆ. ಹೇಳಿ. ಮಗಳ ಹೆರಿಗೆ, ಅವಳ ಜೊತೆಗಿದ್ದು ಮೊಮ್ಮಗುವನ್ನು ನೋಡಿ ಬರುತ್ತೇವೆ ಎನ್ನುವುದರಲ್ಲಿ ತಪ್ಪೇನಿದೆ? ಅದು ಸತ್ಯ, ಮತ್ತು ಮನೆಯವರನ್ನು ನೋಡಿ ಬರಲೆಂದೇ ಈ ವೀಸಾ ಇರುವುದು. ಆದರೆ ಮಗಳು ಕೆಲಸಕ್ಕೆ ವಾಪಸಾದ ಮೇಲೆ ಅಜ್ಜ-ಅಜ್ಜಿ ಸರದಿ ಹಾಕಿಕೊಂಡು ವರ್ಷಪೂರ್ತಿ ಮಗು ನೋಡಿಕೊಳ್ಳುವುದೇ ಯೋಜನೆಯಾಗಿದ್ದರೆ, ಅಧಿಕಾರಿ ಅದನ್ನು ದಾದಿಯ ಕೆಲಸದ ಹಾಗೆ ನೋಡಬಹುದು. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಆಗ ಬದಲಿಸಬೇಕಾದ್ದು ನಿಮ್ಮ ಮಾತನ್ನಲ್ಲ, ಯೋಜನೆಯನ್ನು. ಇದನ್ನು ಮಕ್ಕಳೂ ಅರ್ಥ ಮಾಡಿಕೊಳ್ಳಬೇಕು.

ತಿರಸ್ಕಾರವಾದರೆ ಸಾಮಾನ್ಯವಾಗಿ ಕೊಡುವ ಚೀಟಿಯಲ್ಲಿ '214(ಬಿ)' ಎಂದಿರುತ್ತದೆ. ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುವವರು ಎಂದೇ ಆ ಕಲಂ ಮೊದಲಿಗೆ ಭಾವಿಸುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಇದಕ್ಕೆ ಮೇಲ್ಮನವಿ ಇಲ್ಲ. ಮತ್ತೆ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು, ಆದರೆ ನಿಮ್ಮ ಪರಿಸ್ಥಿತಿಯಲ್ಲಿ ಏನೂ ಬದಲಾಗದೆ ಮರುವಾರವೇ ಹಾಕುವುದು ಹಣ ದಂಡ. '221(ಜಿ)' ಎಂಬ ಚೀಟಿ ಕೊಟ್ಟರೆ ಕಥೆ ಬೇರೆ: ಇನ್ನೇನೋ ಕಾಗದ ಬೇಕು ಅಥವಾ ಪರಿಶೀಲನೆ ಬಾಕಿ ಇದೆ ಎಂದು. ಚೀಟಿಯಲ್ಲಿ ಹೇಳಿದಂತೆ ಮಾಡಿ ಕಾಯಿರಿ.

ವೀಸಾ ಸಿಕ್ಕ ಮೇಲೆ

ಪಾಸ್‌ಪೋರ್ಟ್ ಅವರೇ ಇಟ್ಟುಕೊಂಡರೆ ವೀಸಾ ಮಂಜೂರಾಗಿದೆ ಎಂದೇ ಬಹುಮಟ್ಟಿಗೆ ಅರ್ಥ. ಅದನ್ನು ಬೆಂಗಳೂರಿನಲ್ಲೇ, ಪಾಸ್‌ಪೋರ್ಟ್ ಮರಳಿಸುವ ಕೇಂದ್ರದಲ್ಲಿ ವಾಪಸ್ ಪಡೆಯಬಹುದು. ಕೈಗೆ ಬಂದ ತಕ್ಷಣ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಸರಿ ಇದೆಯೇ ಎಂದು ನೋಡಿ.

ಟಿಕೆಟ್ ಜೊತೆಗೇ ಆರೋಗ್ಯ ವಿಮೆ ಮಾಡಿಸಿ. ವೀಸಾಕ್ಕೆ ಅದು ಕಡ್ಡಾಯ ಅಲ್ಲ, ನಿಮಗೆ ಕಡ್ಡಾಯ ಎಂದುಕೊಳ್ಳಿ. ಅಲ್ಲಿ ಒಂದು ರಾತ್ರಿ ಆಸ್ಪತ್ರೆ ಸೇರಿದರೂ ಬಿಲ್ ಲಕ್ಷಗಳಲ್ಲಿ ಬರಬಹುದು. ಬಿಪಿ, ಶುಗರ್, ಹಿಂದೆ ಹಾಕಿಸಿದ ಸ್ಟೆಂಟ್ ಇವೆಲ್ಲ ಮೊದಲೇ ಇದ್ದ ಕಾಯಿಲೆಗಳ ಪಟ್ಟಿಗೆ ಬರುತ್ತವೆ. ಅಗ್ಗದ ಪಾಲಿಸಿಗಳು ಇವನ್ನು ಹೊರಗಿಡುವುದೇ ಜಾಸ್ತಿ. ಆ ಒಂದು ಪುಟವನ್ನಾದರೂ ಮಗಳ ಕೈಯಲ್ಲಿ ಓದಿಸಿ.

ಭಾರತೀಯರಿಗೆ ಈ ವೀಸಾ ಸಾಮಾನ್ಯವಾಗಿ ಹತ್ತು ವರ್ಷದ ಅವಧಿಗೆ ಸಿಗುತ್ತದೆ. ಹತ್ತು ವರ್ಷ ಅಲ್ಲಿರಬಹುದು ಎಂದಲ್ಲ. ಪ್ರತಿ ಸಲ ಎಷ್ಟು ದಿನ ಇರಬಹುದು ಎಂದು ತೀರ್ಮಾನಿಸುವುದು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಇಳಿದ ಮೇಲೆ ಆನ್‌ಲೈನ್‌ನಲ್ಲಿ ಐ-94 ಎಂಬ ದಾಖಲೆ ತೆಗೆದು, ಹೊರಡಬೇಕಾದ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದನ್ನು ದಾಟಿದರೆ ಹತ್ತು ವರ್ಷದ ಆ ವೀಸಾ ರದ್ದಾಗುತ್ತದೆ. ಬಾಣಂತಿಗೆ ಹುಷಾರಿಲ್ಲದೆ ಇನ್ನಷ್ಟು ದಿನ ನಿಲ್ಲಲೇಬೇಕಾಗಿ ಬಂದರೆ, ಆ ತಾರೀಖಿಗೆ ಮೊದಲೇ ಐ-539 ಅರ್ಜಿ ಹಾಕಿ ಅವಧಿ ವಿಸ್ತರಣೆ ಕೇಳಬೇಕು.