ಎಸೆಯುವುದು ನಿಂತ ಮೇಲೆ ಲಸಿಕೆ ಸಾಲತೊಡಗಿತು: ನನ್ನ ಅನುಭವ

"ಲಸಿಕೆ ಸಿಗ್ತಾ ಇಲ್ಲ" ಎಂದು ಯಾರಾದರೂ ಗೋಳು ಹೇಳಿಕೊಂಡರೆ ನಾನು ಮೊದಲು ಕೇಳುವುದು, "ಹೋದ ತಿಂಗಳು ಎಷ್ಟು ಎಸೆದಿರಿ?" ಎಂದು. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಎಷ್ಟು ತರಿಸಿದೆವು, ಬಿಲ್ ಎಷ್ಟಾಯಿತು ಎಲ್ಲ ಬಾಯಲ್ಲೇ ಇರುತ್ತದೆ. ಕಸದ ಡಬ್ಬಕ್ಕೆ ಹೋದದ್ದರ ಲೆಕ್ಕ ಮಾತ್ರ ಯಾರೂ ಬರೆದಿಡುವುದಿಲ್ಲ.

ನಾನು ಪಶುವೈದ್ಯ. ಪಕ್ಕದ ಬಾಗಿಲಲ್ಲೇ ಮನುಷ್ಯರನ್ನು ನೋಡುವ ಡಾಕ್ಟರು ಇದ್ದಾರೆ. ಇಬ್ಬರದೂ ಸಣ್ಣ ಕ್ಲಿನಿಕ್. ನನ್ನಲ್ಲಿ ನಾಯಿಯ ರೇಬೀಸ್ ಲಸಿಕೆ ಖಾಲಿಯಾದ ಹೊತ್ತಿಗೆ ಸರಿಯಾಗಿ ಅವರಲ್ಲಿ ನಾಯಿ ಕಚ್ಚಿಸಿಕೊಂಡವರು ಬಂದು ಕೂತಿರುತ್ತಿದ್ದರು. ಅವರಲ್ಲೂ ಒಂದೋ ಎರಡೋ ವಯಲ್ (ಲಸಿಕೆಯ ಪುಟ್ಟ ಸೀಸೆ) ಉಳಿದಿರುತ್ತಿತ್ತು, ಅಷ್ಟೇ. ಇಬ್ಬರೂ ಸೇರಿ ಮನೆವಾರು ಒಂದೇ ರಿಜಿಸ್ಟರ್ ಇಡೋಣ ಎಂದಾಗ ಗೊತ್ತಿದ್ದವರೆಲ್ಲ ನಕ್ಕರು. ಲಸಿಕೆ ತಂದುಕೊಡುವ ಪ್ರತಿನಿಧಿ, "ಸಾರ್, ನಾಯಿ ಪುಸ್ತಕದಲ್ಲಿ ಮಗುವಿನ ಹೆಸರಾ?" ಎಂದು ಕೇಳಿದ್ದ. ಈಗ ಎರಡು ವರ್ಷದ ಮೇಲಾಯಿತು. ಬರುವ ಸ್ಟಾಕ್ ಹೆಚ್ಚುಕಮ್ಮಿ ಅಷ್ಟೇ ಇದೆ. ಕೊಟ್ಟ ಡೋಸ್ ಮಾತ್ರ ಒಂದೂಮುಕ್ಕಾಲು ಪಟ್ಟು ಆಗಿದೆ. ಅದೇ ಪ್ರತಿನಿಧಿ ಈಗ ಬೇರೆಯವರಿಗೆ ತೋರಿಸಲು ನಮ್ಮ ರಿಜಿಸ್ಟರ್‌ನ ಖಾಲಿ ಹಾಳೆ ಕೇಳುತ್ತಾನೆ. ಕೊಟ್ಟಿಲ್ಲ.

ಮೊದಲು ಕೈಗೂಡದ್ದನ್ನು ಹೇಳಿಬಿಡುತ್ತೇನೆ. ಹಣ ಒಂದಷ್ಟು ಹೋಗಿದ್ದು ಅಲ್ಲೇ.

ಒಟ್ಟಿಗೆ ಜಾಸ್ತಿ ಕೊಂಡರೆ ರಿಯಾಯಿತಿ ಸಿಗುತ್ತದೆ ಅಲ್ವಾ? ಸಿಕ್ಕಿತು. ಆದರೆ ರಿಯಾಯಿತಿಗೆ ಬರುವ ಬ್ಯಾಚಿನ ಅವಧಿ ಹತ್ತಿರದಲ್ಲೇ ಮುಗಿಯುವಂಥದ್ದು. ಐದರಲ್ಲಿ ಒಂದು ಪಾಲು ಹಾಗೇ ಹೋಯಿತು. ಉಳಿಸಿದ್ದರ ಎರಡರಷ್ಟು ಕಳೆದುಕೊಂಡೆವು. ಆಮೇಲೆ ಮೆಸೇಜ್ ಕಳಿಸಿ ನೆನಪಿಸುವುದನ್ನು ನೋಡಿದೆವು. ಹತ್ತು ಜನರಿಗೆ ಕಳಿಸಿದರೆ ಮೂರು ಜನ ಬಂದರು, ಅದೂ ಮೂರು ಬೇರೆ ಬೇರೆ ದಿನ. ಮುಂಗಡ ಹಣ ತೆಗೆದುಕೊಂಡು ಹೆಸರು ಬರೆದುಕೊಳ್ಳುವುದನ್ನೂ ಮಾಡಿದೆವು. ಹಣ ಕೊಟ್ಟವರು ತಮಗೆ ಬೇಕಾದ ಹೊತ್ತಿಗೇ ವಯಲ್ ತೆರೆಯಬೇಕು ಎಂದು ಕೂತರು. ಅದನ್ನೂ ಬಿಟ್ಟೆವು.

ದುಡ್ಡು ಎಲ್ಲಕ್ಕಿಂತ ಹೆಚ್ಚು ಸೋರುತ್ತಿದ್ದದ್ದು ಫ್ರಿಜ್‌ನಲ್ಲಿ. ಬಾಗಿಲಿನ ಥರ್ಮಾಮೀಟರ್ ಯಾವಾಗ ನೋಡಿದರೂ 5 ಡಿಗ್ರಿ. ಲಸಿಕೆಗೆ ಬೇಕಾದ 2ರಿಂದ 8ರ ನಡುವೆ ಇದೆಯಲ್ಲ, ಇನ್ನೇನು? ತಾಪಮಾನವನ್ನು ತಾನಾಗಿಯೇ ಬರೆದಿಡುವ ಡೇಟಾ ಲಾಗರ್ ತಂದು ಹಿಂದಿನ ಗೋಡೆಯ ಹತ್ತಿರ ಇಟ್ಟೆ. ಅದರ ಬೆಲೆ ಹತ್ತು ಡೋಸಿನ ನಾಲ್ಕೈದು ವಯಲ್‌ಗಳಷ್ಟಾಯಿತು. ದಂಡ ಅಂದರು. ಮೊದಲ ವಾರದಲ್ಲೇ ತಿಳಿಯಿತು: ಯಾರೂ ಬಾಗಿಲು ತೆರೆಯದ ಬೆಳಗಿನ ಜಾವ ಅಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುತ್ತಿತ್ತು. ನಾವೆಲ್ಲ ಬಿಸಿಗೆ ಹೆದರುತ್ತೇವೆ. ಪರಿಣಾಮ ಹೆಚ್ಚಿಸಲು ಅಲ್ಯೂಮಿನಿಯಂ ಲವಣ ಸೇರಿಸಿದ ಲಸಿಕೆಗಳಿಗೆ ಹೆಪ್ಪುಗಟ್ಟುವುದೇ ಯಮ. ನಾಯಿಗೆ ಕೊಡುವ ರೇಬೀಸ್ ಲಸಿಕೆಗಳಲ್ಲಿ ಹೆಚ್ಚಿನವು, ಮನುಷ್ಯರ ಟೆಟನಸ್, ಹೆಪಟೈಟಿಸ್ ಬಿ ಎಲ್ಲ ಇದೇ ಜಾತಿ. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ನೋಡಲು ಮೊದಲಿನಂತೆಯೇ ಇರುತ್ತವೆ, ಕೆಲಸ ಮಾಡುವುದಿಲ್ಲ. ಅವಧಿ ಮುಗಿದ ಎರಡು ವಯಲ್ ತೆಗೆದುಕೊಂಡು ಒಂದನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದೆ. ಎರಡನ್ನೂ ಅಲುಗಾಡಿಸಿ ಪಕ್ಕಪಕ್ಕ ಇಟ್ಟೆ. ಹೆಪ್ಪುಗಟ್ಟಿದ್ದು ಬೇಗ ತಳಕ್ಕೆ ಕೂತಿತು, ಮೇಲೆ ತಿಳಿ ನಿಂತಿತು. ಶೇಕ್ ಟೆಸ್ಟ್ ಎಂದು ಓದಿದ್ದನ್ನು ಕಣ್ಣಾರೆ ನೋಡಿದ ಮೇಲೆ ಸಿಬ್ಬಂದಿಗೆ ಬೇರೆ ಪಾಠ ಬೇಕಾಗಲಿಲ್ಲ.

ಸಾಗಣೆಯಲ್ಲೂ ಇದೇ ಕತೆ. ಒಬ್ಬ ವಿತರಕರು ಕಲ್ಲಿನಂತೆ ಗಟ್ಟಿಯಾದ ಐಸ್ ಪ್ಯಾಕ್‌ಗೆ ವಯಲ್ ತಾಗಿಸಿ ಕಳಿಸುತ್ತಿದ್ದರು. ಐಸ್ ಪ್ಯಾಕ್ ಹೊರಗಿಟ್ಟು, ಅಲುಗಿಸಿದರೆ ಒಳಗೆ ನೀರು ಗುಳುಗುಳು ಅನ್ನುವವರೆಗೆ ಕಾದು, ಆಮೇಲೆ ಪೆಟ್ಟಿಗೆಗೆ ಹಾಕಬೇಕು. ಇದು ನಿಮಗೆಲ್ಲ ಗೊತ್ತಿರುವುದೇ. ಕಾಯುವ ವ್ಯವಧಾನ ಯಾರಿಗೂ ಇಲ್ಲ. ಈಗ ಪೆಟ್ಟಿಗೆಯೊಳಗೆ ಹೆಪ್ಪುಗಟ್ಟುವ ಚಳಿ ತಾಗಿತೇ ಎಂದು ತೋರಿಸುವ ಫ್ರೀಜ್ ಇಂಡಿಕೇಟರ್ ಇಲ್ಲದಿದ್ದರೆ ಸಹಿ ಹಾಕುವುದಿಲ್ಲ. ಎರಡು ಸಲ ವಾಪಸ್ ಕಳಿಸಿದೆ, ಮೂರನೇ ಸಲದಿಂದ ಸರಿಯಾಯಿತು.

ಫ್ರಿಜ್‌ನ ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲ್ ತುಂಬಿದೆ. ಕರೆಂಟ್ ತೆಗೆದು ನೋಡಿದೆ. ಬಾಟಲ್ ಇಲ್ಲದಾಗ ಒಂದೂವರೆ ಗಂಟೆಯಲ್ಲಿ 8 ದಾಟಿತ್ತು. ಬಾಟಲ್ ಇಟ್ಟ ಮೇಲೆ ನಾಲ್ಕು ಗಂಟೆ ತಡೆಯಿತು. ಖರ್ಚು ಸೊನ್ನೆ. ಪೂರ್ವ ಆಫ್ರಿಕಾದ ತಾಂಜಾನಿಯಾದಲ್ಲಿ ವಿದ್ಯುತ್ತಿಲ್ಲದೆ ಮಣ್ಣಿನ ಮಡಕೆಯಂಥ ತಂಪು ಪಾತ್ರೆಯಲ್ಲಿ ನಾಯಿಯ ರೇಬೀಸ್ ಲಸಿಕೆ ಇಟ್ಟು ನೋಡಿದ್ದಾರೆ. ಅವರು ಬಳಸಿದ ಲಸಿಕೆ 25 ಡಿಗ್ರಿಯಲ್ಲಿ ಆರು ತಿಂಗಳು ಇದ್ದರೂ ನಾಯಿಗಳಲ್ಲಿ ಸರಿಯಾಗಿಯೇ ಕೆಲಸ ಮಾಡಿತ್ತು. ಅದನ್ನು ಓದಿ ನಾನೂ ಎರಡು ಮಡಕೆ, ನಡುವೆ ಒದ್ದೆ ಮರಳು ಮಾಡಿ ನೋಡಿದೆ. ಹೊರಗಿಗಿಂತ ಏಳೆಂಟು ಡಿಗ್ರಿ ತಂಪು ಸಿಕ್ಕಿತು. ಲಸಿಕೆ ಮಾತ್ರ ಇಡಲಿಲ್ಲ. ಲೇಬಲ್‌ನಲ್ಲಿ ಬರೆಯದ ಧೈರ್ಯ ನಮಗೆ ಯಾಕೆ?

ಇನ್ನು ರಿಜಿಸ್ಟರ್. ಫ್ರಿಜ್ ಎರಡು, ರಿಜಿಸ್ಟರ್ ಒಂದು. ಪ್ರಾಣಿಗಳದ್ದು, ಮನುಷ್ಯರದ್ದು ಒಂದೇ ಫ್ರಿಜ್‌ನಲ್ಲಿ ಇಡಬೇಡಿ, ಕೈತಪ್ಪಿದರೆ ಗತಿ ಏನು? ಒಂದು ಮನೆಗೆ ಒಂದು ಹಾಳೆ. ಮಕ್ಕಳು, ದೊಡ್ಡವರು, ನಾಯಿ, ಬೆಕ್ಕು, ಯಾರಿಗೆ ಯಾವಾಗ ಯಾವುದು ಬಾಕಿ ಎಂದು ಬರೆಯುತ್ತೇವೆ. ಬರೆಯುತ್ತಾ ಹೋದಂತೆ ಒಂದು ತಮಾಷೆ ಕಂಡಿತು. ಜನ ತಮ್ಮ ಟೆಟನಸ್ ಬೂಸ್ಟರ್ ಮರೆಯುತ್ತಾರೆ, ನಾಯಿಮರಿಯ ಮೂರನೇ ಪಾರ್ವೋ (ಮರಿಗಳ ವಾಂತಿಭೇದಿ ರೋಗ) ಡೋಸ್ ಮರೆಯುವುದಿಲ್ಲ. ಮರಿಗೆ 16 ವಾರ ದಾಟುವವರೆಗೆ ಕೊಡಬೇಕಲ್ಲ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮನೆಯವರು ತಾವಾಗಿಯೇ ಬರುತ್ತಾರೆ. ಹಾಗೆ ಬಂದಾಗ ಹಾಳೆ ತೆರೆದು, "ನಿಮ್ಮ ಮಗಳ ದಡಾರದ ಎರಡನೇ ಡೋಸ್ ಬಾಕಿ ಇದೆ, ಪಕ್ಕದ ಬಾಗಿಲು" ಎನ್ನುತ್ತೇನೆ. ಮೆಸೇಜ್‌ಗೆ ಬಾರದವರು ಇದಕ್ಕೆ ಬಂದರು.

ದಡಾರದ ವಯಲ್‌ನ ಪುಡಿಯನ್ನು ಒಮ್ಮೆ ದ್ರವದಲ್ಲಿ ಕಲಸಿದರೆ ಆರು ಗಂಟೆ, ಅಷ್ಟೇ. ಕ್ಷಯದ ಬಿಸಿಜಿಯೂ ಹಾಗೇ. ಹೆಪಟೈಟಿಸ್ ಬಿ, ಟೆಟನಸ್‌ನ ಬಹುಡೋಸ್ ವಯಲ್ ತೆರೆದ ಮೇಲೂ ಸರಿಯಾಗಿ ಇಟ್ಟರೆ 28 ದಿನ ಬಳಸಬಹುದು. ಹಾಗಾಗಿ ಮೊದಲನೆಯವಕ್ಕೆ ದಿನ ನಿಗದಿ, ಎರಡನೆಯವಕ್ಕೆ ಯಾವ ದಿನವಾದರೂ ಸರಿ. ಇಷ್ಟು ವಿಂಗಡಿಸಿದ್ದಕ್ಕೇ ಡಾಕ್ಟರ ಕಸದ ಡಬ್ಬ ಅರ್ಧ ಇಳಿಯಿತು. ನನ್ನ ಕಡೆ ನಾಯಿಗಳ ಹತ್ತು ಡೋಸಿನ ರೇಬೀಸ್ ವಯಲ್ ಕೂಡ ಹಾಗೇ. ಕನಿಷ್ಠ ಎಂಟು ನಾಯಿ ಖಾತ್ರಿಯಾದರೆ ಮಾತ್ರ ತೆರೆಯುತ್ತೇನೆ, ಇಲ್ಲದಿದ್ದರೆ ಒಂದು ಡೋಸಿನದ್ದು. ಒಂದು ಡೋಸಿನದ್ದು ದುಬಾರಿ, ಹೌದು. ಹತ್ತು ಡೋಸಿನಲ್ಲಿ ಆರು ಎಸೆಯುವುದು ಅದಕ್ಕಿಂತ ದುಬಾರಿ. ಮತ್ತೆ, ಪುಟ್ಟ ನಾಯಿಗೆ ಅರ್ಧ ಡೋಸ್ ಸಾಕು ಎಂದು ಉಳಿಸುವವರಿದ್ದಾರೆ. ಅದು ಉಳಿತಾಯವಲ್ಲ, ಮೋಸ. ಲಸಿಕೆಗೆ ತೂಕದ ಲೆಕ್ಕ ಇಲ್ಲ.

ಎಲ್ಲರೂ ತಲೆ ಅಲ್ಲಾಡಿಸಿದ್ದು ಕಚ್ಚಿಸಿಕೊಂಡವರ ವಿಷಯಕ್ಕೆ. ಅವರನ್ನು ನಿಗದಿತ ದಿನಕ್ಕೆ ಬನ್ನಿ ಎನ್ನುವ ಹಾಗಿಲ್ಲ. ಬಂದ ಕೂಡಲೇ ಗಾಯ ತೊಳೆದು ಶುರು ಮಾಡಬೇಕು. ಮಾಂಸಖಂಡಕ್ಕೆ ಕೊಟ್ಟರೆ ಪ್ರತಿ ಸಲ ಒಬ್ಬರಿಗೆ ಒಂದು ವಯಲ್. ಚರ್ಮದ ಪದರದೊಳಗೆ ಕೊಟ್ಟರೆ ಒಂದು ಜಾಗಕ್ಕೆ 0.1 ಮಿಲಿ, ಎರಡು ಜಾಗ, 0 (ಅಂದರೆ ಶುರು ಮಾಡಿದ ದಿನ), 3 ಮತ್ತು 7ನೇ ದಿನ. ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ಒಪ್ಪಿರುವ ಒಂದು ವಾರದ ಕ್ರಮ. ನಿಮ್ಮ ಕಡೆಯ ನಿಯಮ ಒಪ್ಪುತ್ತದೆಯೇ ನೋಡಿಕೊಳ್ಳಿ. ಕಾಗದದ ಮೇಲೆ 1 ಮಿಲಿ ವಯಲ್‌ನಲ್ಲಿ ಐದು ಜನರ ಡೋಸ್. ನಮಗೆ ಸಿಕ್ಕಿದ್ದು ನಾಲ್ಕೇ. ಯಾಕೆ ಎಂದು ತಲೆ ಕೆಡಿಸಿಕೊಂಡರೆ ಸಿರಿಂಜ್! ಸೂಜಿ ಬಿಚ್ಚುವ ಸಿರಿಂಜ್‌ನ ಮೂತಿಯಲ್ಲಿ ಉಳಿಯುವ ಹನಿ 0.1 ಮಿಲಿ ಲೆಕ್ಕದಲ್ಲಿ ದೊಡ್ಡದು. ಸೂಜಿ ಅಂಟಿಕೊಂಡೇ ಇರುವ ಇನ್ಸುಲಿನ್ ಸಿರಿಂಜ್‌ಗೆ ಬದಲಾಯಿಸಿದ ಮೇಲೆ ಐದನೆಯವರಿಗೂ ಸಿಗತೊಡಗಿತು. ಕೈ ಪಳಗಲು ಮಾತ್ರ ಸಮಯ ಬೇಕು. ಚುಚ್ಚಿದಲ್ಲಿ ಚರ್ಮದ ಮೇಲೆ ಗುಳ್ಳೆ ಏಳದಿದ್ದರೆ ಇನ್ನೊಂದು ಜಾಗದಲ್ಲಿ ಮತ್ತೆ ಕೊಡಬೇಕು. ಶುರುವಿನಲ್ಲಿ ಉಳಿಸಿದ್ದೆಲ್ಲ ಅದಕ್ಕೇ ಹೋಯಿತು.

ತೆರೆದ ವಯಲ್ ಫ್ರಿಜ್‌ನಲ್ಲಿಟ್ಟರೂ ಆರೆಂಟು ಗಂಟೆಯೊಳಗೆ ಮುಗಿಯಬೇಕು. ಆದರೆ ಕಚ್ಚಿಸಿಕೊಂಡವರು ಗುಂಪಾಗಿ ಬರುವುದಿಲ್ಲವಲ್ಲ? ನಮ್ಮ ಯೋಜನೆಯ ಜೀವವೇ ಇಲ್ಲಿದೆ. ಮುಂಜಾಗ್ರತೆಯಾಗಿ ರೇಬೀಸ್ ಲಸಿಕೆ ಬೇಕಾದವರ ಒಂದು ಕಾಯುವ ಪಟ್ಟಿ ಮಾಡಿದೆವು. ನನ್ನ ಸಹಾಯಕರು, ನಾಯಿ ಹಿಡಿಯುವವರು, ಬೀದಿ ನಾಯಿಗೆ ಊಟ ಹಾಕುವವರು, ಪಶುವೈದ್ಯ ವಿದ್ಯಾರ್ಥಿಗಳು. ಅವರಿಗೆ 0 ಮತ್ತು 7ನೇ ದಿನ, ಎರಡೆರಡು ಜಾಗ. ಮೊದಲ ಡೋಸ್ ಯಾವತ್ತಾದರೂ ಆಗಬಹುದು, ಎರಡನೆಯದು ಒಂದೆರಡು ದಿನ ತಡವಾದರೂ ಚಿಂತೆಯಿಲ್ಲ. ಸಂಜೆ ವಯಲ್‌ನಲ್ಲಿ ಉಳಿದಿದ್ದರೆ ಪಟ್ಟಿಯವರಿಗೆ ಫೋನ್. ಕಚ್ಚಿಸಿಕೊಂಡವರಿಗೆ ಮೊದಲ ಹಕ್ಕು, ಇದರಲ್ಲಿ ರಾಜಿ ಇಲ್ಲ. ಕಾಲು ಗಂಟೆಯಲ್ಲಿ ನಾಲ್ಕು ಜನ ಬಂದು ನಿಲ್ಲುವಂತೆ ಹೇಗೆ ಮಾಡಿಕೊಂಡಿದ್ದೇವೆ ಎಂದು ಬಹಳ ಜನ ಕೇಳಿದ್ದಾರೆ. ಅದನ್ನು ಸದ್ಯ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ.

ಇದರ ಲಾಭ ಮುಂದೆಯೂ ಬರುತ್ತದೆ. ಪಟ್ಟಿಯವರಿಗೆ ಆಮೇಲೆ ನಾಯಿ ಕಚ್ಚಿದರೆ 0 ಮತ್ತು 3ನೇ ದಿನ ಒಂದೊಂದು ಚುಚ್ಚು ಸಾಕು, ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಿಲ್ಲ. ಲಸಿಕೆಗಿಂತ ಸಿಗುವುದು ಕಷ್ಟ, ಬೆಲೆಯೂ ಜಾಸ್ತಿ ಇರುವುದು ಆ ಇಮ್ಯುನೋಗ್ಲಾಬ್ಯುಲಿನ್‌ಗೇ. ಅದನ್ನೂ ಈಗ ಗಾಯದ ಒಳಗೆ ಮತ್ತು ಸುತ್ತ ಎಷ್ಟು ಹಿಡಿಯುತ್ತದೋ ಅಷ್ಟೇ ಕೊಡುತ್ತೇವೆ. ಮಿಕ್ಕಿದ್ದನ್ನು ದೂರದ ಸ್ನಾಯುವಿಗೆ ಸುರಿಯುವ ಹಳೇ ಅಭ್ಯಾಸ ಬಿಟ್ಟೆವು. 2018ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಸಣ್ಣ ಬೆರಳಿನ ಗಾಯಕ್ಕೆ ತೂಕದ ಲೆಕ್ಕದ ಪೂರ್ತಿ ಡೋಸ್ ಎಲ್ಲಿ ಹಿಡಿಯುತ್ತದೆ? ಉಳಿದದ್ದು ಅದೇ ದಿನ ಬಂದ ಇನ್ನೊಬ್ಬರಿಗಾಗುತ್ತದೆ.

ನಡುವೆ ಒಂದು ಅಡ್ಡದಾರಿ ಹಿಡಿದೆ. ದೊಡ್ಡ ನಾಯಿಗಳಿಗೆ ಡಿಸ್ಟೆಂಪರ್ (ನಾಯಿಗಳ ಇನ್ನೊಂದು ವೈರಸ್ ರೋಗ), ಪಾರ್ವೋ ತಡೆಯುವ ಪ್ರತಿಕಾಯ ರಕ್ತದಲ್ಲಿ ಇದೆಯೇ ಎಂದು ಕಿಟ್‌ನಲ್ಲಿ ನೋಡಿ, ಇದ್ದರೆ ಲಸಿಕೆ ಬಿಟ್ಟು ಸ್ಟಾಕ್ ಉಳಿಸೋಣ ಎಂದು. ಮರಿಯಾಗಿದ್ದಾಗ ಸರಿಯಾಗಿ ಲಸಿಕೆ ಪಡೆದ ನಾಯಿಗಳಲ್ಲಿ ಬಹುಪಾಲು ಪಾಸ್. ಆದರೆ ಒಂದು ಕಿಟ್‌ನ ಬೆಲೆಯಲ್ಲಿ ಎರಡು ಡೋಸ್ ಬರುತ್ತದೆ! ಎಲ್ಲ ನಾಯಿಗೂ ಬೇಕೇ ಬೇಕಾದ ಆ ಕೋರ್ ಲಸಿಕೆಗಳನ್ನು ಮೂರು ವರ್ಷಕ್ಕೊಮ್ಮೆ ಎಂದು ಮಾಡಿಕೊಂಡರೆ ಕಿಟ್ ಇಲ್ಲದೆಯೇ ಅಷ್ಟು ಉಳಿಯುತ್ತದೆ. ಹಾಗೇ ಮಾಡಿದೆ. ಲೆಪ್ಟೋ (ಇಲಿಜ್ವರ) ಲಸಿಕೆ ಮಾತ್ರ ಪ್ರತಿ ವರ್ಷ, ಅದರ ರಕ್ಷಣೆ ಅಷ್ಟು ದಿನ ನಿಲ್ಲುವುದಿಲ್ಲ. ಪ್ರತಿ ವರ್ಷ ಎಲ್ಲ ಹಾಕಿಸಿ ಫೀಸ್ ತೆಗೆದುಕೊಳ್ಳುವುದು ಬಿಟ್ಟು ನಷ್ಟ ಮಾಡಿಕೊಳ್ತೀಯಾ ಎಂದರು ಜೊತೆಯವರು. ಫೀಸ್ ಸ್ವಲ್ಪ ಇಳಿಯಿತು, ನಿಜ. ಹೊಸ ಮರಿಗಳಿಗೆ ಲಸಿಕೆ ಇಲ್ಲ ಎಂದು ವಾಪಸ್ ಕಳಿಸುವುದು ನಿಂತಿತು, ಆ ಕಡೆಯಿಂದ ತುಂಬಿಕೊಂಡಿತು.

ನಾಯಿಗಳಲ್ಲಿ 70 ಶೇಕಡಾಕ್ಕೆ ರೇಬೀಸ್ ಲಸಿಕೆ ಆಗಿದ್ದರೆ ರೋಗ ಹರಡುವ ಸರಪಳಿ ಮುರಿಯುತ್ತದೆ ಅನ್ನುತ್ತಾರಲ್ಲ, ನಮ್ಮ ಹಾಳೆಗಳಲ್ಲಿರುವ ಮನೆಗಳ ನಾಯಿಗಳಲ್ಲಿ ಈಗ 80ರ ಆಸುಪಾಸು ಇದೆ. ಬೀದಿ ನಾಯಿಗಳ ಲೆಕ್ಕ ಬೇರೆ, ಅದು ನಮ್ಮಿಬ್ಬರ ಕೈಯಲ್ಲಿ ಆಗುವಂಥದ್ದಲ್ಲ.

ಬೆಕ್ಕುಗಳ ವಿಷಯದಲ್ಲಿ ಇನ್ನೂ ಗೆದ್ದಿಲ್ಲ. ನಿಗದಿತ ದಿನ ಬೆಳಗ್ಗೆ ಬೆಕ್ಕು ಮನೆಯಲ್ಲೇ ಇರುವುದಿಲ್ಲ, ಇದ್ದರೂ ಪಂಜರಕ್ಕೆ ಹೋಗುವುದಿಲ್ಲ. ಹತ್ತು ಮನೆಯಲ್ಲಿ ನಾಲ್ಕು ಮನೆಯವರು ಬರಿಗೈಯಲ್ಲಿ ಬಂದು, "ಸಿಗಲಿಲ್ಲ ಸಾರ್" ಅನ್ನುತ್ತಾರೆ. ಹಾಗಾಗಿ ಬೆಕ್ಕಿಗೆ ಸದ್ಯ ಒಂದು ಡೋಸಿನ ವಯಲ್‌ಗಳೇ. ಪಂಜರವನ್ನು ವಾರ ಮೊದಲೇ ಮನೆಗೆ ಕೊಟ್ಟು ಅದರಲ್ಲೇ ಊಟ ಹಾಕಿಸಿ ನೋಡುತ್ತಿದ್ದೇವೆ. ಈವರೆಗೆ ಕೊಟ್ಟ ಪಂಜರಗಳಲ್ಲಿ ಎರಡು ವಾಪಸ್ ಬಂದಿಲ್ಲ.