ಕ್ಯಾಮೆರಾ ಹೇಳಿದ್ದನ್ನೆಲ್ಲ ನಂಬಬೇಡಿ

ಹೊಸದಾಗಿ ಕ್ಯಾಮೆರಾ ಹಿಡಿದವರು ಕೇಳುವ ಮೊದಲ ಪ್ರಶ್ನೆ: ‘ಸರಿಯಾದ ಸೆಟ್ಟಿಂಗ್ ಯಾವುದು?’ ಎಲ್ಲ ಕಡೆಗೂ ಹೊಂದುವಂಥದ್ದು ಇಲ್ಲ. ಆದರೆ ತಿರುಗಿಸಬೇಕಾದ ಅಂಕಿಗಳು ಮೂರೇ: ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ.

ಅಪರ್ಚರ್ ಅಂದರೆ ಲೆನ್ಸ್ ಒಳಗಿನ ಕಿಂಡಿ. ಅಂಕಿ ಜಾಸ್ತಿಯಾದಷ್ಟೂ ಕಿಂಡಿ ಸಣ್ಣದು. ಉಲ್ಟಾ ಅನ್ನಿಸುತ್ತದೆ ಅಲ್ವಾ? 50 ಎಂಎಂ ಲೆನ್ಸ್‌ನಲ್ಲಿ ಎಫ್ 2 ಅಂದರೆ 50ನ್ನು 2ರಿಂದ ಭಾಗಿಸಿ, ಕಿಂಡಿಯ ಅಗಲ 25 ಎಂಎಂ. ಎಫ್ 10 ಇಟ್ಟರೆ ಬರೀ 5 ಎಂಎಂ. ಶಟರ್ ಸ್ಪೀಡ್ ಎಂದರೆ ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು ಎಂಬ ಲೆಕ್ಕ. ಐಎಸ್‌ಒ ಏರಿಸಿದರೆ ಚಿತ್ರ ಬೆಳ್ಳಗಾಗುತ್ತದೆ, ಜೊತೆಗೆ ಕಾಳುಕಾಳಾಗುತ್ತದೆ.

ಈ ಮೂರೂ ಒಂದಕ್ಕೊಂದು ಸಾಲ ತೀರಿಸುತ್ತವೆ. ಎಫ್ 4ರಿಂದ 5.6ಕ್ಕೆ ಹೋದರೆ ಬೆಳಕು ಅರ್ಧವಾಗುತ್ತದೆ. ಶಟರನ್ನು 1/250 ಸೆಕೆಂಡಿನಿಂದ 1/125 ಸೆಕೆಂಡಿಗೆ ಇಳಿಸಿ, ಲೆಕ್ಕ ಸಮ. ಹೀಗೆ ಬೆಳಕು ದುಪ್ಪಟ್ಟಾಗುವ ಅಥವಾ ಅರ್ಧವಾಗುವ ಒಂದು ಮೆಟ್ಟಿಲಿಗೆ ‘ಸ್ಟಾಪ್’ ಎನ್ನುತ್ತಾರೆ.

ಈಗ ಕೆಲಸಕ್ಕೆ ಇಳಿಯೋಣ. ಮೂರನ್ನೂ ನಾವೇ ಆರಿಸುವ ಮ್ಯಾನುಯಲ್ ಮೋಡ್‌ಗೆ ಸೀದಾ ಹಾರಬೇಡಿ. ಅದರಲ್ಲಿ ಕಲಿತರೇ ನಿಜವಾದ ಕಲಿಕೆ ಎನ್ನುವುದು ಸುಮ್ನೆ ಜಂಬದ ಮಾತು. ಡಯಲನ್ನು ‘ಎ’ ಅಥವಾ ‘ಎವಿ’ಗೆ ತಿರುಗಿಸಿ. ಬಿಸಿಲಲ್ಲಿ ಐಎಸ್‌ಒ 100, ಅಪರ್ಚರ್ ಎಫ್ 8 ಇಡಿ. ಶಟರ್ ಸ್ಪೀಡನ್ನು ಕ್ಯಾಮೆರಾವೇ ಆರಿಸುತ್ತದೆ. ಅದು ಆರಿಸಿದ್ದರ ಮೇಲೆ ಕಣ್ಣಿಡಿ. 50 ಎಂಎಂ ಲೆನ್ಸ್‌ನಲ್ಲಿ 1/60ಕ್ಕಿಂತ ನಿಧಾನವಾದರೆ ಕೈನಡುಕ ಚಿತ್ರದಲ್ಲಿ ಕಾಣಬಹುದು. ಓಡಾಡುವ ಮಕ್ಕಳಿಗಂತೂ 1/250 ಬೇಕೇ ಬೇಕು. ಸಾಲದಿದ್ದರೆ ಅಪರ್ಚರ್ ಹಿಗ್ಗಿಸಿ, ಇಲ್ಲವೇ ಧೈರ್ಯವಾಗಿ ಐಎಸ್‌ಒ ಏರಿಸಿ. ಕಾಳುಕಾಳಾದ ಚಿತ್ರವನ್ನು ನೋಡಬಹುದು, ಅಲುಗಾಡಿದ್ದನ್ನು ಸರಿಪಡಿಸುವುದು ಕಷ್ಟ.

ಮುಖ್ಯ ಪಾಠ ಇರುವುದು ಮುಂದೆ. ಒಂದು ಬಿಳಿ ಬೆಡ್‌ಶೀಟ್ ಚೌಕಟ್ಟು ತುಂಬುವಂತೆ ಕ್ಲಿಕ್ಕಿಸಿ. ಆಮೇಲೆ ಒಂದು ಕಪ್ಪು ಬಟ್ಟೆ. ಎರಡೂ ಹೆಚ್ಚುಕಡಿಮೆ ಬೂದು ಬಣ್ಣಕ್ಕೆ ತಿರುಗಿರುತ್ತವೆ. ಎದುರಿಗಿರುವುದು ಬಿಳಿಯೋ ಕಪ್ಪೋ, ಬೆಳಕು ಅಳೆಯುವ ಕ್ಯಾಮೆರಾದ ಮೀಟರ್‌ಗೆ ಗೊತ್ತಿಲ್ಲ. ಎಲ್ಲವನ್ನೂ ನಡುವಣ ಬೂದಿಗೆ ತರುವುದೇ ಅದರ ಕೆಲಸ. ಪ್ಲಸ್–ಮೈನಸ್ ಗುರುತಿನ ಬಟನ್ ಇರುವುದು ಇದಕ್ಕೇ. ಬಿಳಿಗೆ ಪ್ಲಸ್ 1 ಅಥವಾ 1.5, ಕಪ್ಪಿಗೆ ಮೈನಸ್ 1 ಕೊಟ್ಟು ಮತ್ತೆ ತೆಗೆಯಿರಿ. ಬಟ್ಟೆಗಳು ತಮ್ಮ ಬಣ್ಣಕ್ಕೆ ಮರಳುತ್ತವೆ.

ಕಿಟಕಿಯ ಮುಂದೆ ನಿಂತವರ ಮುಖ ಕಪ್ಪಗೆ ಬರುವುದೂ ಇದೇ ಕಾರಣಕ್ಕೆ. ಪ್ಲಸ್ 1.5 ಕೊಡಿ. ಆಚೆಯ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ, ಹೋಗಲಿ. ನಮಗೆ ಬೇಕಿದ್ದದ್ದು ಮುಖ.

ಫಲಿತಾಂಶ ನೋಡಲು ಹಿಂದಿನ ಪರದೆಯೊಂದನ್ನೇ ನಂಬಬೇಡಿ. ಬಿಸಿಲಲ್ಲಿ ಅದು ಮಂಕಾಗಿ, ಕತ್ತಲಲ್ಲಿ ಝಗಝಗ ಕಾಣುತ್ತದೆ. ಹಿಸ್ಟೋಗ್ರಾಮ್ ತೆರೆಯಿರಿ. ಗುಡ್ಡದಂಥ ಆ ಗ್ರಾಫ್ ಬಲಗಡೆಯ ಗೋಡೆಗೆ ಒತ್ತಿಕೊಂಡಿದ್ದರೆ ಬಿಳಿ ಭಾಗದ ವಿವರ ಹೋಯಿತು ಎಂದರ್ಥ. ಅದೇ ಪ್ಲಸ್–ಮೈನಸ್‌ನಲ್ಲಿ ಒಂದು ಮೆಟ್ಟಿಲು ಇಳಿಸಿ.

ಇಷ್ಟು ಕೈಗೆ ಹತ್ತಿದ ಮೇಲೆ ಮ್ಯಾನುಯಲ್‌ಗೆ ಹೋಗಿ. ಅಲ್ಲಿಗೆ ಫಿಲ್ಮ್ ಕಾಲದ ಸೂತ್ರವೊಂದು ಸಾಕು: ನೆತ್ತಿಯ ಬಿಸಿಲಿದ್ದರೆ ಎಫ್ 16, ಐಎಸ್‌ಒ ಎಷ್ಟಿದೆಯೋ ಶಟರ್ ಅದರ ಹತ್ತಿರದ ಅಂಕಿ. 100ಕ್ಕೆ 1/100 ಅಥವಾ 1/125. ಮೋಡ ಕವಿದರೆ ಶಟರ್ ಮುಟ್ಟಬೇಡಿ, ಎಫ್ 8ಕ್ಕೆ ಬನ್ನಿ.